ಧಾರವಾಡ ಕ್ರೇಟಾನ್ ಸ್ಟಡಿಗೆ ಯಾವ ಡೇಟಾ: ಭೂಕೋಶ್ ಮ್ಯಾಪಾ, ಪೇಪರ್‌ಗಳಲ್ಲಿರೋ ಏಜ್‌ಗಳಾ?

ಹಳೇ ಬೆಟ್ಟಗಳು ಹುಟ್ಟಿದ್ದು ಹೇಗೆ ಅಂತ ನೋಡೋಕೆ ಧಾರವಾಡ ಕ್ರೇಟಾನ್‌ಗಿಂತ (ಕರ್ನಾಟಕದ ಬಹುಭಾಗದ ಕೆಳಗಿರೋ, ಭೂಮಿಯ ಹೊರಪದರದ ತುಂಬಾ ಹಳೇ ಗಟ್ಟಿ ತುಂಡು) ಒಳ್ಳೆ ಜಾಗ ಬೇಕಾ, ಮೇಲಿನದೆಲ್ಲ ಸವೆದು ಹೋಗಿ ಬುಡವೇ ಕಾಣುತ್ತೆ. ಪ್ರಾಜೆಕ್ಟ್‌ಗೆ ಡೇಟಾ ಒಟ್ಟು ಮಾಡೋರಿಗೆ ಮುಖ್ಯವಾಗಿ ಎರಡು ದಾರಿ.

ಜಿಎಸ್‌ಐನ (ಜಿಯಲಾಜಿಕಲ್ ಸರ್ವೇ ಆಫ್ ಇಂಡಿಯಾ) ಭೂಕೋಶ್ ಪೋರ್ಟಲ್‌ನಲ್ಲಿ ಯಾವ ಕಲ್ಲು ಎಲ್ಲಿದೆ ಅಂತ ತೋರಿಸೋ 1:50,000 ಸ್ಕೇಲ್‌ನ ಮ್ಯಾಪ್ ಫ್ರೀಯಾಗಿ ಸಿಗುತ್ತೆ, ಕ್ಯೂಜಿಐಎಸ್ ಅನ್ನೋ ಮ್ಯಾಪ್ ಸಾಫ್ಟ್‌ವೇರ್‌ಗೆ ಹಾಕಿದ್ರೆ ಚಿತ್ರದುರ್ಗದ ಶಿಸ್ಟ್ ಬೆಲ್ಟು (ಒತ್ತಡ, ಬಿಸಿಗೆ ಬದಲಾದ ಹಳೇ ಕಲ್ಲುಗಳ ಉದ್ದ ಪಟ್ಟಿ), ರಾಮನಗರದಿಂದ ಉತ್ತರಕ್ಕೆ ಉದ್ದಕ್ಕೂ ಹೋಗೋ ಕ್ಲೋಸ್‌ಪೇಟೆ ಗ್ರಾನೈಟು ಎಲ್ಲಾ ಒಂದೇ ನೋಟಕ್ಕೆ ಬರುತ್ತೆ. ಆದ್ರೆ ಇಷ್ಟು ವರ್ಷದ ಹಿಂದೆ ಅಂತ ನಿಖರವಾಗಿ ಮ್ಯಾಪ್ ಹೇಳಲ್ಲ.

ಅದಕ್ಕೆ ಪೇಪರ್‌ಗಳಿಂದ ಜಿರ್ಕಾನ್ ಏಜ್ (ಜಿರ್ಕಾನ್ ಅನ್ನೋ ಖನಿಜದಲ್ಲಿರೋ ಯುರೇನಿಯಂ ಸೀಸ ಆಗೋದನ್ನ ಅಳೆದು ಕಂಡುಹಿಡಿದ ವಯಸ್ಸು) ಒಂದೊಂದಾಗಿ ಹೆಕ್ಕಿ ಶೀಟ್‌ಗೆ ಹಾಕ್ಬೇಕು, ತುಂಬಾ ಟೈಮ್ ತಗೊಳ್ಳುತ್ತೆ. ಹಳೇ ರುಬಿಡಿಯಂ-ಸ್ಟ್ರಾನ್ಷಿಯಂ ಏಜ್‌ಗಳನ್ನ ಯುರೇನಿಯಂ-ಸೀಸದ ಏಜ್ ಜೊತೆ ಒಂದೇ ಕಾಲಂಗೆ ಹಾಕ್ಬೇಡಿ ದಯವಿಟ್ಟು, ಕಲ್ಲು ಮತ್ತೆ ಬಿಸಿಯಾದಾಗ ರುಬಿಡಿಯಂ-ಸ್ಟ್ರಾನ್ಷಿಯಂ ಗಡಿಯಾರ ರೀಸೆಟ್ ಆಗಿರಬಹುದು, ಮೇಲಾಗಿ 1977ರಲ್ಲಿ ಡಿಕೇ ಕಾನ್‌ಸ್ಟಂಟ್‌ಗಳನ್ನ (ವಿಕಿರಣಶೀಲ ಧಾತು ಎಷ್ಟು ಬೇಗ ಕ್ಷಯಿಸುತ್ತೆ ಅನ್ನೋ ಸಂಖ್ಯೆಗಳು) ತಿದ್ದಿದಾರೆ, ಅದಕ್ಕಿಂತ ಮುಂಚಿನ ನಂಬರ್‌ಗಳನ್ನ ಮತ್ತೆ ಲೆಕ್ಕ ಹಾಕ್ಲೇಬೇಕು.

ಒಂದೇ ಸೆಮಿಸ್ಟರ್ ಇದ್ರೆ ಮ್ಯಾಪ್ ಇಟ್ಕೊಂಡು ಒಂದು ಬೆಲ್ಟ್ ಮಾತ್ರ ಮಾಡಿ. ಕ್ರೇಟಾನ್‌ನ ಪೂರ್ವ-ಪಶ್ಚಿಮ ಭಾಗಗಳು ಸುಮಾರು 250 ಕೋಟಿ ವರ್ಷದ ಹಿಂದೆ ಸೇರಿದ ಕಥೆಗೇ ಕೈ ಹಾಕೋದಾದ್ರೆ ಏಜ್ ಡೇಟಾ ಇಲ್ಲದೆ ಆಗಲ್ಲ, ನಾನಂತೂ ಏಜ್ ಡೇಟಾನೇ ಆರಿಸ್ತೀನಿ.