ಚೆರೋಕಿಯಿಂದ ಬಿಚ್ಚಿದ ಕ್ಲೀವ್‌ಲ್ಯಾಂಡ್ ಚಕ್ರ, ಬ್ರೇಕ್: ವರ್ಷಗಳ ಬಳಕೆಯ ನಂತರ

ಅಮೆರಿಕದಲ್ಲಿ ಗ್ಯಾರೇಜಿನಲ್ಲಿ ವಿಮಾನ ಕಟ್ಟುವವರಿಗೆ ಒಂದು ಅನುಕೂಲ ಇದೆ. ಎಕ್ಸ್‌ಪೆರಿಮೆಂಟಲ್ (ಅಂದರೆ ಹೀಗೆ ಸ್ವಂತಕ್ಕೆ ಕಟ್ಟಿದ) ವಿಮಾನಕ್ಕೆ ಸರ್ಟಿಫೈಡ್, ಅಂದರೆ ಸರ್ಕಾರದ ಮಾನ್ಯತೆ ಪಡೆದ, ಬಿಡಿಭಾಗವೇ ಆಗಬೇಕು ಅಂತೇನಿಲ್ಲ. ಆದರೂ ನನ್ನ ಎರಡು ಸೀಟಿನ ವಿಮಾನಕ್ಕೆ ಸರ್ಟಿಫೈಡ್ ಮಾಲನ್ನೇ ಹುಡುಕಿದೆ, ಹಳೇದನ್ನು. ಪೈಪರ್ ಕಂಪನಿಯ ಚೆರೋಕಿ ಅನ್ನುವ ಸಣ್ಣ ವಿಮಾನದಿಂದ ಬಿಚ್ಚಿದ, ಕ್ಲೀವ್‌ಲ್ಯಾಂಡ್ ಬ್ರ್ಯಾಂಡಿನ, 6.00-6 ಟೈರ್ ಸೈಜಿನ ಚಕ್ರ ಮತ್ತು ಬ್ರೇಕ್ ಹೊಸದರ ಅರ್ಧಕ್ಕಿಂತ ಕಡಿಮೆಗೆ ಸಿಕ್ಕಿತು. ಇಷ್ಟು ವರ್ಷ ಹಾರಿಸಿದ ಮೇಲೂ ಒಳ್ಳೇ ವ್ಯಾಪಾರ ಅಂತಲೇ ಹೇಳುತ್ತೇನೆ.

ಗೋ-ಕಾರ್ಟ್ ಚಕ್ರ ಇನ್ನೂ ಅಗ್ಗ ಅಲ್ವಾ? ಹೌದು. ಖಾಲಿ ತೂಕ 254 ಪೌಂಡ್ (ಸುಮಾರು 115 ಕೆ.ಜಿ.) ಮೀರದ ಅತಿ ಹಗುರ ವಿಮಾನ, ಅಂದರೆ ಅಲ್ಟ್ರಾಲೈಟ್‌ಗೆ ಸಾಕು. ನನ್ನದು ಪೂರ್ತಿ ತುಂಬಿದಾಗ 600 ಕೆ.ಜಿ. 45 ನಾಟ್ (ಗಂಟೆಗೆ ಸುಮಾರು 83 ಕಿ.ಮೀ.) ವೇಗದಿಂದ ಅದನ್ನು ಬರೀ ಬ್ರೇಕಿನಿಂದಲೇ ನಿಲ್ಲಿಸಬೇಕೆಂದರೆ ಸುಮಾರು 160 ಕಿಲೋಜೂಲ್ ಬಿಸಿ ಹುಟ್ಟುತ್ತದೆ. 60 ನಾಟ್ ಆದರೆ 285. ಬೆಲೆಗಿಂತ ಮೊದಲು ಬ್ರೇಕ್ ಎಷ್ಟು ಬಿಸಿ ತಡೆಯುತ್ತದೆ ಅಂತ ನೋಡಿ. ಚೆರೋಕಿ 900 ಕೆ.ಜಿ. ದಾಟುವ ವಿಮಾನ, ಹಾಗಾಗಿ ನನಗೆ ಆ ಚಿಂತೆ ಇಲ್ಲ. ತೂಕ ಸ್ವಲ್ಪ ಜಾಸ್ತಿ, ಅಷ್ಟೇ.

ಮಾರಿದವರ ಮೇಲೆ ಮಾತ್ರ ನನಗೆ ಬೇಸರವಿದೆ. ಫೋಟೋದಲ್ಲಿ ಡಿಸ್ಕಿನ ಹೊರಮೈ ಮಾತ್ರ ತೋರಿಸಿದ್ದರು. ಒಳಮೈಯಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ತುಕ್ಕಿನ ಗುಳಿಗಳಿದ್ದವು. ಬೇರಿಂಗ್ ಕಪ್‌ನಲ್ಲಿ (ರೋಲರ್‌ಗಳು ಉರುಳುವ ಹೊರ ಉಂಗುರ) ಒಂದೊಂದು ರೋಲರ್ ಕೂತಿದ್ದ ಜಾಗಕ್ಕೂ ಒಂದೊಂದು ಕಪ್ಪು ಗೆರೆ. ವಿಮಾನ ಅಲುಗಾಡದೆ ಬಹಳ ಕಾಲ ಹೊರಗೇ ನಿಂತಿತ್ತು ಅನ್ನುವುದಕ್ಕೆ ಅದೇ ಸಾಕ್ಷಿ. ಡಿಸ್ಕ್, ಬೇರಿಂಗ್, ಒ-ರಿಂಗ್ (ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಉಂಗುರ) ಎಲ್ಲ ಹೊಸದು ಹಾಕಿದೆ. ಆ ಖರ್ಚು ಸೇರಿಸಿದರೂ ಹೊಸ ಸೆಟ್‌ಗಿಂತ ಕಡಿಮೆಯೇ ಆಯಿತು. ನೀವು ಕೊಳ್ಳುವುದಾದರೆ ಡಿಸ್ಕಿನ ಎರಡೂ ಕಡೆಯ ಫೋಟೋ ಕೇಳಿ. ಇನ್ನೊಂದು ಮಾತು: ಈ ಚಕ್ರ ಎರಡು ಹೋಳು. ಬೋಲ್ಟ್ ಮುಟ್ಟುವ ಮುಂಚೆ ಟೈರಿನ ಗಾಳಿ ಪೂರ್ತಿ ಬಿಡಿ, ಇಲ್ಲದಿದ್ದರೆ ಸಿಡಿದು ಪ್ರಾಣಕ್ಕೇ ಕುತ್ತು.

ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಲೈನಿಂಗ್ ವಿಷಯ, ಅಂದರೆ ಡಿಸ್ಕನ್ನು ಒತ್ತಿ ಹಿಡಿದು ಸವೆಯುವ ಬ್ರೇಕ್ ಪಟ್ಟಿ. 66-105 ನಂಬರಿನದು ಎಷ್ಟೋ ಸೆಸ್ನಾ, ಪೈಪರ್‌ಗಳಿಗೂ ಆಗುವುದರಿಂದ ಸುಲಭವಾಗಿ ಸಿಗುತ್ತದೆ. ಬೇರೆ ತಯಾರಕರಾದ ರ‍್ಯಾಪ್ಕೋದವರದೂ ಇದೆ. ಹಳೇ ರಿವೆಟ್ ತೆಗೆದು ಹೊಸದು ಬಡಿಯುವ ಕೆಲಸವನ್ನು ನಾವೇ ಮಾಡಿಕೊಳ್ಳಬಹುದು. ಆದರೆ ಹೊಸ ಲೈನಿಂಗ್ ಹಾಕಿ ಸುಮ್ನೆ ಹಾರಲು ಹೋಗಬೇಡಿ, ಅದನ್ನು ಹದಕ್ಕೆ ತರಬೇಕು. ಆರ್ಗ್ಯಾನಿಕ್ (ಲೋಹದ್ದಲ್ಲದ) ಲೈನಿಂಗ್ ಆದರೆ ಬ್ರೇಕನ್ನು ಹದವಾಗಿ ಒತ್ತಿಕೊಂಡೇ 1500 ಅಡಿ ಟ್ಯಾಕ್ಸಿ ಮಾಡಿ (ನೆಲದ ಮೇಲೆ ಓಡಿಸಿ), 10-15 ನಿಮಿಷ ತಣಿಯಲು ಬಿಟ್ಟು, ಆಮೇಲೆ ಎಂಜಿನ್ ವೇಗ ಏರಿಸಿ ಬ್ರೇಕ್ ಹಿಡಿಯುತ್ತದಾ ನೋಡಿ. ನನ್ನ ವಿಮಾನದ ಮುಂದಿನ ಚಕ್ರ ಪೆಡಲ್‌ಗೆ ಜೋಡಿಸಿಲ್ಲದೆ ಎಡಕ್ಕೂ ಬಲಕ್ಕೂ ತಾನಾಗೇ ಹೊರಳುವಂಥದ್ದು, ನೆಲದ ಮೇಲೆ ತಿರುಗಿಸುವುದೇ ಎಡ-ಬಲ ಬ್ರೇಕಿನಿಂದ. ಹಾಗಾಗಿ ಲೈನಿಂಗ್ ಬೇಗ ಸವೆಯುತ್ತದೆ. ಪ್ರತಿ ವರ್ಷದ ತಪಾಸಣೆಯಲ್ಲೂ ದಪ್ಪ ಅಳೆಯುತ್ತೇನೆ. 0.100 ಇಂಚಿಗೆ ಇಳಿದರೆ ಬದಲಿಸಲೇಬೇಕು.

ಬ್ರೇಕಿಗೆ ವಿಮಾನದ ಹೈಡ್ರಾಲಿಕ್ ಎಣ್ಣೆ, ಕೆಂಪು 5606 ಮಾತ್ರ ಹಾಕಿ. ಕಾರಿನ ಬ್ರೇಕ್ ಎಣ್ಣೆ ಹಾಕಿದರೆ ಈ ಒ-ರಿಂಗ್‌ಗಳು ಕೆಡುತ್ತವೆ. ಕ್ಯಾಲಿಪರ್ (ಚಕ್ರದ ಬಳಿ ಲೈನಿಂಗನ್ನು ಡಿಸ್ಕಿಗೆ ಒತ್ತುವ ಭಾಗ) ಕಡೆಯಿಂದ ಮೇಲಕ್ಕೆ ತುಂಬಿದರೆ ಗಾಳಿಗುಳ್ಳೆ ತಾನಾಗೇ ಹೊರಟುಹೋಗುತ್ತದೆ.

ಎರಡು ಸೀಟಿನ ವಿಮಾನಕ್ಕೆ ಧೈರ್ಯವಾಗಿ ತಗೊಳ್ಳಿ. ಹಗುರ ಒಂಟಿ ಸೀಟಿನದಕ್ಕೆ ಇದು ಭಾರವಾದೀತು, ಅದಕ್ಕೆ ಮ್ಯಾಟ್ಕೋ ಕಂಪನಿಯವರ ಸಣ್ಣ ಚಕ್ರ-ಬ್ರೇಕ್ ಸೆಟ್ ನೋಡಿ.