ರಬ್ಬರ್ ಕ್ಲಿಪ್ಪಿಗೆ ತೂಗುಹಾಕಿದ ಹೋಂ ಥಿಯೇಟರ್ ಸೀಲಿಂಗ್: ಐದು ವರ್ಷದ ಬಳಕೆಯ ನಂತರ

ತೀರ್ಪು ಮೊದಲೇ: ಸೀಲಿಂಗ್ ಜಂತೆಗೆ ನೇರ ತಾಗದಂತೆ ರಬ್ಬರಿನ ಮೇಲೆ ತೂಗಿಸಿ ಸದ್ದು ತಡೆಯುವ ಈ ಕ್ಲಿಪ್ಪಿಗೆ ಐದಕ್ಕೆ ನಾಲ್ಕೂವರೆ, ಅದರ ಜೊತೆ ಬರುವ ಅಳವಡಿಕೆಯ ಹಾಳೆಗೆ ಎರಡು. ಮಾತು, ಹಾಡು, ಚೀರಾಟ ಯಾವುದೂ ಮೇಲಿನ ಮಹಡಿಗೆ ದಾಟುತ್ತಿಲ್ಲ. ಸಬ್‌ವೂಫರ್‌ನ ತೀರಾ ಕೆಳಗಿನ ಗುಡುಗು ಮಾತ್ರ ರಾತ್ರಿ ಹೊತ್ತು ಸಣ್ಣಗೆ ಗೊತ್ತಾಗುತ್ತದೆ. ರಬ್ಬರ್ ಜಗ್ಗಿಲ್ಲ, ಬೋರ್ಡ್ ಇಳಿದಿಲ್ಲ.

ಕಟ್ಟಿದ ಕ್ರಮ ಹೀಗಿದೆ. ಮರದ ಜಂತೆಗಳಿಗೆ ಕ್ಲಿಪ್, ಕ್ಲಿಪ್ಪಿನೊಳಗೆ 22 ಮಿ.ಮೀ. ಆಳದ 25 ಗೇಜ್ ಹ್ಯಾಟ್ ಚಾನೆಲ್ (ಟೋಪಿಯಾಕಾರಕ್ಕೆ ಮಡಚಿದ ತಗಡಿನ ಪಟ್ಟಿ), ಅದಕ್ಕೆ 16 ಮಿ.ಮೀ. ಜಿಪ್ಸಂ ಬೋರ್ಡ್ ಎರಡು ಪದರ, ಎರಡರ ನಡುವೆ ಎಂದೂ ಪೂರ್ತಿ ಗಟ್ಟಿಯಾಗದ ಡ್ಯಾಂಪಿಂಗ್ ಕಾಂಪೌಂಡ್ (ಅದುರುವಿಕೆ ನುಂಗುವ ಲೇಪ), ಜಂತೆಗಳ ನಡುವೆ ರಾಕ್‌ವುಲ್ (ಕಲ್ಲಿನ ನಾರಿನ ಹಾಸು). ಕ್ಲಿಪ್ ಮತ್ತು ಚಾನೆಲ್ ಸೇರಿ 41 ಮಿ.ಮೀ., ಬೋರ್ಡ್ 32. ಒಟ್ಟು 73 ಮಿ.ಮೀ. ಎತ್ತರ ಹೋಗುತ್ತದೆ. ಬಾಗಿಲು ಮೇಲ್ಛಾವಣಿಗೆ ಹತ್ತಿರವಿದ್ದರೆ ಇದನ್ನು ಮೊದಲೇ ಅಳೆದುಕೊಳ್ಳಿ.

6 × 4 ಮೀಟರ್ ಕೋಣೆಗೆ ಚಾನೆಲ್ ಎಂಟು ಸಾಲು, ಒಟ್ಟು ಸುಮಾರು 50 ಮೀಟರ್. ಗೋಡೆಯಿಂದ 150 ಮಿ.ಮೀ. ಒಳಗೆ ಮೊದಲ ಸಾಲು, ಆಮೇಲೆ 530 ಮಿ.ಮೀ.ಗೊಂದು. ಜಂತೆಗಳ ನಡುವೆ 406 ಮಿ.ಮೀ. ಅಂತರವಿದ್ದರೆ ಪ್ರತಿ ಮೂರನೇ ಜಂತೆಗೆ, ಅಂದರೆ 1220 ಮಿ.ಮೀ.ಗೊಂದು ಕ್ಲಿಪ್, ಪಕ್ಕದ ಸಾಲಿನಲ್ಲಿ ಒಂದು ಜಂತೆ ಸರಿಸಿ ಹಾಕಬೇಕು. ತುದಿಯ ಕ್ಲಿಪ್ಪಿನಾಚೆ ಚಾನೆಲ್ 150 ಮಿ.ಮೀ.ಗಿಂತ ಹೆಚ್ಚು ಚಾಚಬಾರದು. ಕ್ಲಿಪ್ 55 ತರಿಸಿಕೊಂಡರೆ ಸಾಕು. 1220 × 2440 ಬೋರ್ಡ್ ಪದರಕ್ಕೆ ಹತ್ತು, ಒಟ್ಟು ಇಪ್ಪತ್ತು. ಕಾಂಪೌಂಡ್ ಒಂದು ಬೋರ್ಡಿಗೆ 828 ಮಿ.ಲೀ.ನ ಎರಡು ಟ್ಯೂಬ್. ಅದು ಪದರಗಳ ನಡುವೆ ಮಾತ್ರ ಬೇಕಾದ್ದರಿಂದ ಇಪ್ಪತ್ತೇ ಟ್ಯೂಬ್, ನಲವತ್ತಲ್ಲ. ಅದರ ಪೂರ್ತಿ ಗುಣ ಬರಲು ತಿಂಗಳು ಹಿಡಿಯುತ್ತದೆ, ಮೊದಲ ವಾರದಲ್ಲೇ ಕೂತು ಬೈಯಬೇಡಿ.

ತೂಕದ ಲೆಕ್ಕ ಬಿಡಬಾರದು. ಎರಡು ಪದರ ಚದರ ಮೀಟರಿಗೆ 22 ಕೆ.ಜಿ. ಒಂದು ಕ್ಲಿಪ್ ಹೊರುವ ಜಾಗ 0.53 × 1.22 ಮೀಟರ್, ಅಲ್ಲಿಗೆ 14 ಕೆ.ಜಿ. ಆಯಿತು. ಈ ಕ್ಲಿಪ್ಪಿನ ಮಿತಿ 16. ಉಳಿದ ಎರಡು ಕೆ.ಜಿ.ಯಲ್ಲಿ ಪ್ರೊಜೆಕ್ಟರ್ ತೂಗಿಸಲಾಗದು. ಹಾಗೆಂದು ಬೋರ್ಡ್ ತೂತು ಮಾಡಿ ಜಂತೆಗೇ ಬೋಲ್ಟ್ ಹೊಡೆದರೆ, ಆ ಬೋಲ್ಟೇ ಸದ್ದಿಗೆ ಏಣಿ. ಪ್ರೊಜೆಕ್ಟರ್ ಬರುವಲ್ಲಿ ಎರಡು ಸಾಲಿನ ನಡುವೆ ಪ್ಲೈವುಡ್ ತುಂಡನ್ನು ಚಾನೆಲ್‌ಗೇ ಬಿಗಿದು, ಸುತ್ತ ನಾಲ್ಕು ಕ್ಲಿಪ್ ಹೆಚ್ಚಿಗೆ ಕೊಡುವುದು ಸರಿಯಾದ ದಾರಿ. ಹಾಳೆಯಲ್ಲಿ ಇದರ ಸುದ್ದಿಯೇ ಇಲ್ಲ.

ಬಾಸ್ ಏಕೆ ದಾಟುತ್ತದೆ? ಮೇಲಿನ ನೆಲ, ಕೆಳಗಿನ ಸೀಲಿಂಗ್ ಎರಡು ಭಾರಗಳು, ನಡುವಿನ ಗಾಳಿ ಅವನ್ನು ಕೂಡಿಸುವ ಸ್ಪ್ರಿಂಗ್. ಮೇಲೆ ಚದರ ಮೀಟರಿಗೆ 11 ಕೆ.ಜಿ.ಯ ಪ್ಲೈವುಡ್ ನೆಲ, ಕೆಳಗೆ 22 ಕೆ.ಜಿ., ನಡುವೆ 240 ಮಿ.ಮೀ. ಅಂತರವಿದ್ದರೆ ಅದರ ಅನುರಣನ, ಅಂದರೆ ಇಡೀ ಜೋಡಣೆ ತಾನಾಗಿ ಅದುರುವ ಸ್ವರ, ಸುಮಾರು 45 ಹರ್ಟ್ಸ್‌ಗೆ ಬರುತ್ತದೆ. ಅದರ ಆಸುಪಾಸಿನಲ್ಲಿ ಸೀಲಿಂಗ್ ತಡೆಯುವುದಿಲ್ಲ, ತಾನೂ ಜೊತೆಗೆ ಕುಣಿಯುತ್ತದೆ. ಸೀಲಿಂಗಿಗೆ ಮೂರನೇ ಪದರ ಹಾಕಿದರೆ 43ಕ್ಕೆ ಇಳಿಯುತ್ತದೆ, ಅಷ್ಟೇ. ಆ ಭಾರಕ್ಕೆ ಕ್ಲಿಪ್ಪಿನ ಸಾಲುಗಳನ್ನೂ ಒತ್ತಾಗಿಸಬೇಕು. ಅದೇ ಬೋರ್ಡನ್ನು ಜಂತೆಗಳ ನಡುವಿನ ಅಳತೆಗೆ ಕತ್ತರಿಸಿ ಮೇಲಿನ ನೆಲದ ತಳಕ್ಕೆ ಅಂಟಿಸಿದರೆ ಆ ಕಡೆಯೂ 22 ಕೆ.ಜಿ. ಆಗಿ 37 ಹರ್ಟ್ಸ್‌ಗೆ ಇಳಿಯುತ್ತದೆ. ಸೀಲಿಂಗ್ ಮುಚ್ಚುವ ಮುಂಚೆ ಮಾಡಬೇಕಾದ ಕೆಲಸ ಇದು. ಮುಚ್ಚಿದ ಮೇಲೆ ಹಲುಬಿ ಫಲವಿಲ್ಲ. ಹಳೆಯ ಸೀಲಿಂಗ್ ಉಳಿಸಿಕೊಂಡು ಅದರ ಕೆಳಗೇ ಹೊಸದನ್ನು ಕಟ್ಟುವುದು ಇನ್ನೂ ಕೆಟ್ಟದ್ದು. ಗಾಳಿಯ ಪೊಳ್ಳು ಎರಡಾಗಿ ಒಡೆದು, ಬಾಸ್ ತಡೆಯುವ ಶಕ್ತಿ ಕುಗ್ಗುತ್ತದೆ. ಕಿತ್ತು ಹಾಕಿ.

ರಾಕ್‌ವುಲ್ ಸಡಿಲವಾಗಿ ಕೂರಬೇಕು. ತುರುಕಿದರೆ ಅದು ಮೇಲಿನ ನೆಲವನ್ನೂ ಚಾನೆಲ್ಲನ್ನೂ ಒತ್ತಿ ಹಿಡಿದು ತಾನೇ ಸೇತುವೆಯಾಗುತ್ತದೆ.

ಚಾನೆಲ್ ಕ್ಲಿಪ್ಪಿಗೆ ಕೂರುವಾಗ ಎರಡು ಸಲ ಟಕ್ ಅನ್ನಬೇಕು, ಒಂದೊಂದು ಅಂಚಿಗೆ ಒಂದೊಂದು ಸಲ. ಒಂದೇ ಸಲ ಕೇಳಿಸಿದರೆ ಇನ್ನೊಂದು ಅಂಚು ಹೊರಗಿದೆ ಎಂದರ್ಥ. ಬೋರ್ಡಿನ ಭಾರ ಬಿದ್ದಾಗ ಅದು ಜಾರುತ್ತದೆ. ಎರಡು ಚಾನೆಲ್ ಸೇರುವಲ್ಲಿ 150 ಮಿ.ಮೀ. ಒಂದರ ಮೇಲೊಂದು ಬರಲಿ, ಎರಡೂ ಅಂಚಿಗೆ ಒಂದೊಂದು ಸ್ಕ್ರೂ ಬೀಳಲಿ. ಇದನ್ನು ಬಿಟ್ಟರೆ ಜೋರು ಬಾಸ್‌ಗೆ ತಗಡು ಗಿರಗುಟ್ಟುತ್ತದೆ, ಯಾವ ಮೂಲೆಯಿಂದ ಎಂದು ಹುಡುಕುವಷ್ಟರಲ್ಲಿ ಸಾಕಾಗುತ್ತದೆ. ಮೊದಲ ಪದರಕ್ಕೆ 32 ಮಿ.ಮೀ. ಸ್ಕ್ರೂ, ಎರಡನೆಯದಕ್ಕೆ 41. ಎರಡು ಪದರದ ಸಂದುಗಳು ಒಂದರ ಕೆಳಗೊಂದು ಬರಬಾರದು.

ಎಲ್ಲಕ್ಕಿಂತ ಹೆಚ್ಚು ಕೆಡುವುದು ಗೋಡೆಯಂಚಿನಲ್ಲಿ. ಬೋರ್ಡಿಗೂ ಗೋಡೆಗೂ ನಡುವೆ ಸುತ್ತಲೂ 6 ಮಿ.ಮೀ. ಸಂದು ಬಿಟ್ಟು, ಗಟ್ಟಿಯಾಗದ ಅಕೌಸ್ಟಿಕ್ ಸೀಲೆಂಟ್ (ಸದ್ದು ನುಸುಳದಂತೆ ಸಂದು ಮುಚ್ಚುವ ಮೆತ್ತನೆಯ ಅಂಟು) ತುಂಬಬೇಕು. ಪುಟ್ಟಿ ಕೆಲಸ ಅದಾದ ಮೇಲೆ. ಕ್ರಮ ತಿರುಗಿದರೆ ಪುಟ್ಟಿ ಸಂದಿನೊಳಗೆ ಇಳಿದು ಕಲ್ಲಾಗುತ್ತದೆ, ತೇಲಬೇಕಾದ ಸೀಲಿಂಗನ್ನು ಗೋಡೆಗೆ ಕಟ್ಟಿಹಾಕುತ್ತದೆ. ಸಂದಿನಲ್ಲಿ ಒಂದು ರಟ್ಟಿನ ಕಾರ್ಡ್ ಸುತ್ತಲೂ ಎಳೆದು ನೋಡಿ; ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೋ ಅಲ್ಲಿ ಕೆರೆದು ಬಿಡಿಸಿ, ಆಮೇಲೆ ಸೀಲೆಂಟ್. ಕಾರ್ನಿಸ್ (ಗೋಡೆ, ಸೀಲಿಂಗ್ ಸೇರುವಲ್ಲಿನ ಅಲಂಕಾರದ ಪಟ್ಟಿ) ಬೇಕಿದ್ದರೆ ಗೋಡೆಗಷ್ಟೇ ಅಂಟಿಸಿ. ಎರಡಕ್ಕೂ ಅಂಟಿಸಿದ ಕಡೆ ಕೂದಲೆಳೆಯ ಬಿರುಕು ಬರುತ್ತದೆ.

ಸೀಲಿಂಗಿನೊಳಗೆ ಹುದುಗಿಸುವ ದೀಪ ಬೇಡ. ಹಾಕಲೇಬೇಕೆಂದರೆ, ಬಿಸಿ ತಡೆಯಬಲ್ಲ ದೀಪವಾಗಿದ್ದರೆ ಮಾತ್ರ, ಪ್ರತಿಯೊಂದರ ಹಿಂದೆ ಬೋರ್ಡಿನದೇ ಮುಚ್ಚಿದ ಪೆಟ್ಟಿಗೆ ಕಟ್ಟಿ, ವೈರ್ ಬರುವ ತೂತಿಗೆ ಸೀಲೆಂಟ್ ತುಂಬಿ.

ಮೇಲಿನವರ ನಡಿಗೆಯ ಧಡಧಡ ಕಡಿಮೆಯಾಗಿದೆ, ನಿಂತಿಲ್ಲ. ಅದಕ್ಕೆ ಮೇಲಿನ ನೆಲಕ್ಕೇ ದಪ್ಪ ಹಾಸು ಬೇಕು. ಇನ್ನು ಸೀಲಿಂಗ್ ಎಷ್ಟೇ ಚೆನ್ನಾಗಿದ್ದರೂ ಬರಿಯ ಒಂಟಿ ಬೋರ್ಡಿನ ಗೋಡೆಗಳ ಮೂಲಕ ಸದ್ದು ಹತ್ತಿ ಹೋಗುತ್ತದೆ. ಗೋಡೆಯಲ್ಲಿ ಕೈಯಿಟ್ಟಾಗ ಬಾಸ್ ಅದುರಿದರೆ, ಮುಂದಿನ ಕ್ಲಿಪ್ ಹೋಗಬೇಕಾದದ್ದು ಅಲ್ಲಿಗೆ.