ಹಿಂದಿನ ಸೀಟಿನ ತಂಬೂರಿ: ಮಸ್ಟಾಂಗ್ ಜಿಟಿ ಆಕ್ಸಲ್ ಜೊತೆ ಆರು ವರ್ಷ

ಈ ಕಾರಿನ ಇಂಜಿನ್ ಹೊಗಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಐದು ಲೀಟರ್ ವಿ8, 420 ಹಾರ್ಸ್‌ಪವರ್. ಹೊಗಳದೆ ಇರೋಕೆ ಆಗಲ್ಲ ಬಿಡಿ. ನಾನು ಬರೆಯುತ್ತಿರುವುದು ಹಿಂದಿನ ಎರಡು ಚಕ್ರಗಳ ನಡುವೆ ಯಾರ ಕಣ್ಣಿಗೂ ಬೀಳದೆ ಕೂತಿರುವ ಆಕ್ಸಲ್ ಬಗ್ಗೆ. ಆರು ವರ್ಷದಲ್ಲಿ ನನ್ನ ದುಡ್ಡು, ನನ್ನ ಶನಿವಾರಗಳು, ಒಂದಿಷ್ಟು ನಿದ್ದೆ, ಎಲ್ಲವನ್ನೂ ಜಾಸ್ತಿ ತಿಂದಿದ್ದು ಅದೇ.

ಕಾರು 2013ರ ಮಾಡೆಲ್ ಫೋರ್ಡ್ ಮಸ್ಟಾಂಗ್ ಜಿಟಿ, ಆರು ಗೇರಿನ ಮ್ಯಾನುಯಲ್. 2019ರ ಅಕ್ಟೋಬರ್‌ನಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡೆ. ಆಗ 38,000 ಮೈಲಿ ಓಡಿತ್ತು, ಈಗ 91,000. ನಾನಿರುವುದು ಅಮೆರಿಕದ ಮಿಶಿಗನ್‌ನಲ್ಲಿ, ನೋವೈ ಊರಲ್ಲಿ. ಈ ಕಾರು ತಯಾರಾದ ಫ್ಲಾಟ್ ರಾಕ್ ಕಾರ್ಖಾನೆ ಇಲ್ಲಿಂದ ಮುಕ್ಕಾಲು ಗಂಟೆ ದಾರಿ. ಅಂದ್ರೆ ನನ್ನ ಕಾರು ತವರಿನ ಪಕ್ಕದಲ್ಲೇ ಕೂತು ನರಳುತ್ತಿತ್ತು.

2005ರಿಂದ 2014ರವರೆಗಿನ ಮಸ್ಟಾಂಗ್‌ಗಳಲ್ಲಿ ಹಿಂದೆ ಇರುವುದು ಒಂದೇ ಗಟ್ಟಿ ಆಕ್ಸಲ್. ನಮ್ಮೂರಿನ ಹಳೇ ಅಂಬಾಸಿಡರ್ ತರ, ಎರಡು ಚಕ್ರಕ್ಕೂ ಸೇರಿ ಒಂದೇ ಹೌಸಿಂಗ್, ಮಧ್ಯದಲ್ಲಿ ಕ್ರೌನ್ ಪಿನಿಯನ್, ಅಂದರೆ ಇಂಜಿನ್ ಕಡೆಯಿಂದ ತಿರುಗುವ ಸಣ್ಣ ಗೇರ್ (ಪಿನಿಯನ್) ಮತ್ತು ಅದು ತಿರುಗಿಸುವ ದೊಡ್ಡ ಗೇರ್ (ಕ್ರೌನ್). 2015ರ ಮಾಡೆಲ್‌ನಿಂದ ಎರಡು ಚಕ್ರಕ್ಕೂ ಬೇರೆ ಬೇರೆ ಸಸ್ಪೆನ್ಷನ್ ಬಂತು. ಗಟ್ಟಿ ಆಕ್ಸಲ್ ಬಲವಾಗಿರುತ್ತದೆ. ಸಿಗ್ನಲ್‌ನಿಂದ ಹೊರಡುವಾಗ ನೆಲ ಕಚ್ಚಿ ನೂಕುತ್ತದೆ. ಇದಕ್ಕೆ 8.8 ಇಂಚಿನ ಆಕ್ಸಲ್ ಅಂತ ಹೆಸರು, ಕ್ರೌನ್ ಗೇರಿನ ಅಡ್ಡಳತೆ ಅಷ್ಟು. 1986ರಿಂದಲೇ ಮಸ್ಟಾಂಗ್‌ನಲ್ಲಿದೆ. ಪಿಕಪ್ ಟ್ರಕ್‌ಗಳಲ್ಲೂ ಇದೇ ಇತ್ತು, ಅದಕ್ಕೇ ಬಿಡಿಭಾಗ ಎಲ್ಲೆಂದರಲ್ಲಿ ಸಿಗುತ್ತದೆ.

ಇಷ್ಟೆಲ್ಲ ಒಳ್ಳೆಯ ಮಾತು ಹೇಳಿದ್ದಕ್ಕೆ ಕಾರಣ ಇದೆ. ಮುಂದೆ ಹೇಳುವ ಗೋಳಿಗೆ ಕಂಪನಿ ಕಾರಣ ಅಲ್ಲ. ನನಗಿಂತ ಮುಂಚೆ ಇದ್ದ ಓನರ್ ಪಿಕಪ್ ಜಾಸ್ತಿ ಬೇಕು ಅಂತ ಕಾರಿನ ಜೊತೆ ಬಂದಿದ್ದ 3.31 ಗೇರ್ ತೆಗೆಸಿ 3.73 ಹಾಕಿಸಿದ್ದ. ಚಕ್ರ ಒಂದು ಸುತ್ತು ಬರಲು ಪಿನಿಯನ್ ಎಷ್ಟು ಸುತ್ತಬೇಕು ಅನ್ನುವ ಲೆಕ್ಕ ಇದು. ಬಿಲ್ ತೋರಿಸಿದ. ಟೆಸ್ಟ್ ಡ್ರೈವ್‌ನಲ್ಲಿ ಹಿಂದಿನಿಂದ ಸಣ್ಣಗೆ ಗೂಂಯ್ ಅಂದಿದ್ದು ಕೇಳಿಸಿತ್ತು. ಕೇಳಿದ್ದಕ್ಕೆ, ಗೇರ್ ಬದಲಿಸಿದ ಮೇಲೆ ಸ್ವಲ್ಪ ಕೂಗೋದು ಮಾಮೂಲಿ ಅಂದ. ಕಾರಿನ ಮೇಲೆ ಮನಸ್ಸಾಗಿತ್ತು, ನಂಬಿದೆ. ಇದೇ ಮಾತನ್ನು ಆಮೇಲೆ ಹತ್ತು ಜನರ ಬಾಯಲ್ಲಿ ಕೇಳಿದ್ದೇನೆ. ಸುಳ್ಳು. ಸರಿಯಾಗಿ ಕೂರಿಸಿದ ಗೇರ್ ಹೀಗೆ ಕೂಗುವುದಿಲ್ಲ.

ಮೊದಲ ಎರಡು ವರ್ಷ ನಾನು ಮಾಡಿದ್ದೆಲ್ಲ ತಪ್ಪೇ. ಶಬ್ದ ಟಯರಿನದು ಅಂದುಕೊಂಡು ಹಿಂದಿನ ಎರಡು ಟಯರ್ ಬದಲಿಸಿದೆ. ಸದ್ದು ಹಾಗೇ ಇತ್ತು. ಆಮೇಲೆ ಗೇರ್ ಆಯಿಲ್ ಬದಲಿಸಿದೆ. ಇದಕ್ಕೆ 75ಡಬ್ಲ್ಯೂ-140 ಸಿಂಥೆಟಿಕ್ ಆಯಿಲ್ ಹಾಕಬೇಕು, ಜೊತೆಗೆ ಲಿಮಿಟೆಡ್ ಸ್ಲಿಪ್ (ಒಂದೇ ಚಕ್ರ ಜಾರಿ ತಿರುಗದಂತೆ ತಡೆಯುವ ವ್ಯವಸ್ಥೆ) ಕ್ಲಚ್‌ಗಳಿಗೆ ಅಂತ ಉಜ್ಜಾಟ ಹದ ಮಾಡುವ ಫ್ರಿಕ್ಷನ್ ಮಾಡಿಫೈಯರ್ ಒಂದು ಬಾಟಲಿ. ಇದರಿಂದ ಒಂದು ಲಾಭ ಆಯಿತು. ಪಾರ್ಕಿಂಗ್ ಜಾಗದಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಹಿಂದಿನಿಂದ ಗಡಗಡ ಅಂತ ನಡುಗುತ್ತಿತ್ತು, ಅದು ನಿಂತಿತು. ಆ ನಡುಕಕ್ಕೆ ಹಳೇ ಆಯಿಲ್ ಕಾರಣ. ಗೂಂಯ್ ಅನ್ನುವುದು ಬೇರೆ ಕಾಯಿಲೆ. ನಾನು ಎರಡನ್ನೂ ಒಂದೇ ಅಂದುಕೊಂಡಿದ್ದೆ.

ಮೂರನೇ ತಪ್ಪು ಹೇಳೋಕೆ ಸ್ವಲ್ಪ ನಾಚಿಕೆ. ಗೇರ್ ಹಾಕುವಾಗ ಹಿಂದೆ ಟಕ್ ಅಂತಿತ್ತು. ಆಕ್ಸಲ್ಲನ್ನು ಬಾಡಿಗೆ ಹಿಡಿದಿಡುವ ಲೋಹದ ತೋಳುಗಳಲ್ಲಿ ಒಂದಾದ ಮೇಲಿನ ಕಂಟ್ರೋಲ್ ಆರ್ಮ್‌ನ ರಬ್ಬರ್ ಬುಷ್ ಸವೆದಿತ್ತು. ಅದೇ ರಬ್ಬರ್ ಹಾಕುವ ಬದಲು ರೇಸಿಂಗ್‌ನವರು ಬಳಸುವ ಗಟ್ಟಿ ಬುಷ್ ಹಾಕಿಸಿದೆ. ಟಕ್ ಹೋಯಿತು, ಗೂಂಯ್ ಎರಡರಷ್ಟಾಯಿತು. ಯಾಕೆ ಅಂತ ಆಮೇಲೆ ಅರ್ಥ ಆಯಿತು. ಎರಡು ಚಕ್ರಕ್ಕೂ ಬೇರೆ ಬೇರೆ ಸಸ್ಪೆನ್ಷನ್ ಇರುವ ಕಾರುಗಳಲ್ಲಿ ಡಿಫರೆನ್ಷಿಯಲ್ಲನ್ನು (ಕ್ರೌನ್ ಪಿನಿಯನ್ ಇರುವ ಡಬ್ಬ) ರಬ್ಬರ್ ಮೇಲೆ ಕೂರಿಸಿ, ಅದನ್ನು ಸಬ್‌ಫ್ರೇಮ್‌ಗೆ, ಅಂದರೆ ಬಾಡಿಯ ಕೆಳಗಿನ ಚೌಕಟ್ಟಿಗೆ ಕಟ್ಟಿರುತ್ತಾರೆ. ನಮ್ಮ ಆಕ್ಸಲ್‌ಗೆ ಆ ಸೌಕರ್ಯ ಇಲ್ಲ. ಅದನ್ನು ಕಾರಿನ ಬಾಡಿಗೆ ಹಿಡಿದಿಡುವುದು ಮೂರು ಆರ್ಮ್ ಮತ್ತು ಪಕ್ಕಕ್ಕೆ ಸರಿಯದಂತೆ ತಡೆಯುವ ಒಂದು ಪನಾರ್ಡ್ ರಾಡ್. ಆ ಬುಷ್‌ಗಳ ರಬ್ಬರ್ರೇ ಶಬ್ದ ತಡೆಯುವ ಗೋಡೆ. ಮೇಲಿನ ಆರ್ಮ್ ಕೂರುವುದು ಸರಿಯಾಗಿ ಹಿಂದಿನ ಸೀಟಿನ ಅಡಿಗೆ. ನಾನು ನನ್ನ ಕೈಯಾರೆ ಗೋಡೆ ಕೆಡವಿದ್ದೆ.

2022ರ ಮೇನಲ್ಲಿ ಅಮ್ಮ ತುಮಕೂರಿನಿಂದ ಬಂದರು. ಏರ್‌ಪೋರ್ಟ್‌ನಿಂದ ಬರುವಾಗ ಹಿಂದಿನ ಸೀಟಿನಲ್ಲಿ ಕೂತರು. ಆ ಸೀಟಿಗೆ ಸೀಟು ಅನ್ನುವುದೇ ದೊಡ್ಡ ಮಾತು. ಅಮ್ಮನಿಗೆ ವೀಣೆ ಬರುತ್ತದೆ, ಕಿವಿ ಚುರುಕು. ಹೈವೇ ಹತ್ತಿದ ಐದು ನಿಮಿಷಕ್ಕೆ, "ಯಾರೋ ನನ್ನ ಬೆನ್ನ ಹಿಂದೆ ತಂಬೂರಿ ಹಿಡ್ಕೊಂಡು ಕೂತಂಗಿದೆ ಕಣೋ. ನೀನು ಜೋರಾಗಿ ಹೋದ್ರೆ ಶ್ರುತಿ ಏರತ್ತೆ, ನಿಧಾನ ಮಾಡಿದ್ರೆ ಇಳಿಯತ್ತೆ" ಅಂದರು. ಮನೆಗೆ ಬಂದ ಮೇಲೆ ಅವರ ತಮ್ಮನಿಗೆ ವಿಡಿಯೋ ಕಾಲ್ ಮಾಡಿ ಫೋನ್ ನನ್ನ ಕೈಗೆ ಕೊಟ್ಟರು. ನನ್ನ ಸೋದರಮಾವ ಮೂವತ್ತು ವರ್ಷ ಅಂಬಾಸಿಡರ್ ಟ್ಯಾಕ್ಸಿ ಓಡಿಸಿದವರು.

"ಎಕ್ಸಲೇಟರ್ ಒತ್ತಿದಾಗ ಕೂಗುತ್ತಾ, ಬಿಟ್ಟಾಗ ಕೂಗುತ್ತಾ?"

"ಬಿಟ್ಟಾಗ ಜಾಸ್ತಿ ಮಾವ."

"ಓಡ್ತಾ ಇರುವಾಗಲೇ ನ್ಯೂಟ್ರಲ್‌ಗೆ ಹಾಕಿದ್ರೆ?"

"ಆಗಲೂ ಇರುತ್ತೆ, ಸ್ವಲ್ಪ ದನಿ ಬದಲಾಗುತ್ತೆ."

"ಎಡಕ್ಕೆ ಎಳೆದಾಗ ಒಂದು ತರ, ಬಲಕ್ಕೆ ಎಳೆದಾಗ ಒಂದು ತರ ಬರುತ್ತಾ?"

"ಇಲ್ಲ."

"ಹಂಗಾದ್ರೆ ಕ್ರೌನ್ ಪಿನಿಯನ್ ಕಣಪ್ಪ. ಯಾರೋ ಬಿಚ್ಚಿದವರು ಸರಿಯಾಗಿ ಕೂರಿಸಿಲ್ಲ. ಟಯರ್ ಗಿಯರ್ ಅಂತ ದುಡ್ಡು ಹಾಕಬೇಡ."

ಹಾಕಿ ಆಗಿತ್ತು, ಹೇಳಲಿಲ್ಲ.

ಮಾವನ ಮೂರು ಪ್ರಶ್ನೆಗಳನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನ್ನ ಎರಡು ವರ್ಷ ಉಳಿಸಬಹುದಾಗಿದ್ದು ಅವೇ. ಗೇರಿನ ಹಲ್ಲಿಗೆ ಎರಡು ಮುಖ. ಒತ್ತಿದಾಗ ಒಂದು ಮುಖದ ಮೇಲೆ ಭಾರ, ಬಿಟ್ಟಾಗ ಇನ್ನೊಂದರ ಮೇಲೆ. ಕಾಲಿನ ಒತ್ತಡದ ಜೊತೆ ಸದ್ದು ಬದಲಾದರೆ ಅದು ಹಲ್ಲಿನ ಕಡೆಯ ಸಮಸ್ಯೆ. ನ್ಯೂಟ್ರಲ್‌ಗೆ ಹಾಕಿದರೂ ಸದ್ದು ಉಳಿದರೆ ಇಂಜಿನ್ ಬಚಾವ್. ವಾಹನದ ತೂಕ ಒಂದು ಪಕ್ಕಕ್ಕೆ ವಾಲಿದಾಗ ಸದ್ದು ಏರಿಳಿದರೆ ಆ ಪಕ್ಕದ ಚಕ್ರದ ಬೇರಿಂಗ್ ನೋಡಬೇಕು. ಟಯರಿನ ಸದ್ದಾದರೆ ರಸ್ತೆ ಬದಲಾದ ಕೂಡಲೇ ಬದಲಾಗುತ್ತದೆ. ಕಾಂಕ್ರೀಟ್ ಮುಗಿದು ಡಾಂಬರು ಬಂದಾಗ ಕಿವಿಗೊಟ್ಟರೆ ಸಾಕು. ಇದಕ್ಕೆಲ್ಲ ಒಂದು ಪೈಸೆ ಖರ್ಚಿಲ್ಲ.

ನಾನು ಕಂಪ್ಯೂಟರ್ ಕೆಲಸದವನು, ಬರೀ ಕಿವಿಯನ್ನು ನಂಬೋಕೆ ಮನಸ್ಸು ಬರಲಿಲ್ಲ. ಶಬ್ದದ ಫ್ರೀಕ್ವೆನ್ಸಿ ತೋರಿಸುವ ಉಚಿತ ಆಪ್ ಒಂದನ್ನು ಮೊಬೈಲಿಗೆ ಹಾಕಿಕೊಂಡೆ. ಹೆಂಡತಿ ಐ-96 ಹೈವೇಯಲ್ಲಿ ಜಿಪಿಎಸ್ ನೋಡಿಕೊಂಡು ಗಂಟೆಗೆ 60 ಮೈಲಿಯಲ್ಲಿ ಓಡಿಸಿದಳು. ನಾನು ಹಿಂದಿನ ಸೀಟಿನಲ್ಲಿ ಮಡಚಿಕೊಂಡು ಕೂತೆ. 525 ಹರ್ಟ್ಸ್ ಹತ್ತಿರ ಒಂದು ಗೆರೆ ನೆಟ್ಟಗೆ ಎದ್ದು ನಿಂತಿತ್ತು. 50 ಮೈಲಿಗೆ ಇಳಿದಾಗ ಗೆರೆ 438ಕ್ಕೆ ಇಳಿಯಿತು.

ಈಗ ಲೆಕ್ಕ. ನನ್ನ 19 ಇಂಚಿನ ಚಕ್ರ ಒಂದು ಮೈಲಿಗೆ ಸುಮಾರು 770 ಸುತ್ತು ಸುತ್ತುತ್ತದೆ. 60ರ ವೇಗ ಅಂದರೆ ನಿಮಿಷಕ್ಕೊಂದು ಮೈಲಿ. ಅಲ್ಲಿಗೆ ಸೆಕೆಂಡಿಗೆ 12.8 ಸುತ್ತು. 525ನ್ನು 12.8ರಿಂದ ಭಾಗಿಸಿದರೆ 41. ಈಗ 3.73 ಅನ್ನುವ ಗೇರಿನ ಒಳಗೆ ಏನಿದೆ ನೋಡಿ: ಕ್ರೌನ್‌ನಲ್ಲಿ 41 ಹಲ್ಲು, ಪಿನಿಯನ್‌ನಲ್ಲಿ 11. ಚಕ್ರ ಒಂದು ಸುತ್ತು ಬಂದಾಗ 41 ಹಲ್ಲು ಒಂದಕ್ಕೊಂದು ತಾಗುತ್ತವೆ, ಒಂದೊಂದು ಹಲ್ಲೂ ಒಂದೊಂದು ಸಲ ಕೂಗುತ್ತದೆ. ಟಯರಲ್ಲ, ಬೇರಿಂಗಲ್ಲ, ಗೇರ್‌ಬಾಕ್ಸೂ ಅಲ್ಲ. ಮಾವ ಫೋನಲ್ಲೇ ಹೇಳಿದ್ದನ್ನು ನಾನು ಪೆಟ್ರೋಲ್ ಸುಟ್ಟು ಸಾಬೀತು ಮಾಡಿದೆ, ಅಷ್ಟೆ.

ಸೆಪ್ಟೆಂಬರ್‌ನಲ್ಲಿ, 67,000 ಮೈಲಿ ಆದಾಗ, ಲಿವೋನಿಯಾ ಕಡೆಯ ಒಂದು ಸಣ್ಣ ಗ್ಯಾರೇಜಿಗೆ ಒಯ್ದೆ. ಆಕ್ಸಲ್ ಕೆಲಸ ಬಿಟ್ಟು ಬೇರೇನೂ ಮಾಡದ ಜಾಗ. ಎಪ್ಪತ್ತರ ಹತ್ತಿರದ ಮನುಷ್ಯ, ಮಾತು ಕಡಿಮೆ. ನನ್ನನ್ನು ಪಕ್ಕದಲ್ಲಿ ನಿಂತು ನೋಡಲು ಬಿಟ್ಟರು, ಅದಕ್ಕೇ ಐದು ಸ್ಟಾರ್ ಕೊಡಬಹುದು.

ಮೊದಲು ಹಿಂದಿನ ಕವರ್ ಬಿಚ್ಚಿದರು. ಒಳಗಿನ ಅಯಸ್ಕಾಂತದ ಮೇಲೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಇರುವುದು ಸಹಜ, ನನ್ನದರಲ್ಲಿ ಚೂರುಗಳೂ ಇದ್ದವು. ಆಮೇಲೆ ಹಲ್ಲುಗಳಿಗೆ ಹಳದಿ ಪೇಸ್ಟ್ ಬಳಿದರು, ಹೊಸ್ತಿಲಿಗೆ ಅರಿಶಿನ ಹಚ್ಚಿದ ಹಾಗೆ. ಗೇರ್ ತಿರುಗಿಸಿದಾಗ ಪಿನಿಯನ್ ಉಜ್ಜಿದ ಕಡೆ ಹಳದಿ ಅಳಿಸಿಹೋಗುತ್ತದೆ. ಆ ಗುರುತು ಹಲ್ಲಿನ ಎತ್ತರದ ನಡುವೆ ಇರಬೇಕು. ನನ್ನದು ಹಲ್ಲಿನ ತುದಿಗೆ ಅಂಟಿಕೊಂಡಿತ್ತು. ಅಂದರೆ ಪಿನಿಯನ್ ಕ್ರೌನಿನಿಂದ ದೂರ ಕೂತಿದೆ, ಅದರ ತಲೆಯ ಹಿಂದಿನ ಶಿಮ್ (ದೂರ ಹೊಂದಿಸುವ ತೆಳು ಬಳೆ) ಬೇಕಾದ್ದಕ್ಕಿಂತ ತೆಳ್ಳಗಿದೆ. ಹಳೇ ಗೇರಿನ ಶಿಮ್ಮನ್ನೇ ಹೊಸ ಗೇರಿಗೆ ಹಾಕಿ ಮುಚ್ಚಿದ್ದರು ಅನಿಸುತ್ತದೆ. ಹೀಗೆ ಗುರುತು ನೋಡಿದ್ದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಬ್ಯಾಕ್‌ಲ್ಯಾಶ್, ಅಂದರೆ ಎರಡು ಹಲ್ಲಿನ ನಡುವಿನ ಪ್ಲೇ, ಈ ಆಕ್ಸಲ್‌ಗೆ ಇಂಚಿನ ಸಾವಿರದಲ್ಲಿ 8ರಿಂದ 15 ಭಾಗ ಇರಬೇಕು. ನನ್ನದು ಒಂದು ಕಡೆ 17, ಇನ್ನೊಂದು ಕಡೆ 21. ಪಿನಿಯನ್ ತಿರುಗಿಸಿದರೆ ಸ್ವಲ್ಪ ಬಿಗಿ ಸಿಗಬೇಕು, ಅದನ್ನೇ ಪ್ರೀಲೋಡ್ ಅನ್ನುತ್ತಾರೆ. ಹೊಸ ಬೇರಿಂಗ್‌ಗೆ 16ರಿಂದ 29 ಇಂಚ್-ಪೌಂಡ್, ಹಳೆಯದಕ್ಕೆ 8ರಿಂದ 14. ನನ್ನದು ಬೆರಳಲ್ಲಿ ತಳ್ಳಿದರೆ ಬುಗುರಿ ತರ ತಿರುಗಿತು. ಹೊಸ ಗೇರಿಗೆ ಹಳೇ ಬೇರಿಂಗನ್ನೇ ಬಳಸಿದ್ದರು.

ಇನ್ನೊಂದು ಪಾಠ ಚಕ್ರದ ಕಡೆ ಕಾದಿತ್ತು. ಈ ಆಕ್ಸಲ್‌ನಲ್ಲಿ ಚಕ್ರದ ಬೇರಿಂಗಿನ ರೋಲರ್‌ಗಳು ಓಡುವುದು ನೇರವಾಗಿ ಶಾಫ್ಟ್ ಮೇಲೆ, ನಡುವೆ ಒಳ ಬಳೆ ಇಲ್ಲ. ಬೇರಿಂಗ್ ಹಾಳಾದರೆ ಶಾಫ್ಟನ್ನೂ ತಿನ್ನುತ್ತದೆ. ಎಡಗಡೆ ಶಾಫ್ಟ್ ಮೇಲೆ ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಬಿದ್ದಿತ್ತು. ಅದು ಇನ್ನೂ ಕೂಗಲು ಶುರು ಮಾಡಿರಲಿಲ್ಲ ಅಷ್ಟೆ.

ಶಿಮ್ ಮಾತ್ರ ಬದಲಿಸಿ ಹಳೇ ಗೇರ್ ಉಳಿಸಿಕೊಳ್ಳಬಹುದಾ ಅಂತ ಕೇಳಿದೆ. ಬೇಡ ಅಂದರು. ತಪ್ಪು ಜಾಗದಲ್ಲಿ ಸವೆದು ಹೊಂದಿಕೊಂಡ ಹಲ್ಲನ್ನು ಸರಿಯಾದ ಜಾಗಕ್ಕೆ ತಂದರೂ ಅದು ಸುಮ್ಮನಾಗುವುದಿಲ್ಲವಂತೆ. ಹೊಸ ಜೋಡಿ ಹಾಕಿಸುವುದೇ ಆದರೆ ಅಂತ ಯೋಚಿಸಿ 3.55ಕ್ಕೆ ಬಂದೆ. ಇದು ಕಂಪನಿಯೇ ಕೊಡುತ್ತಿದ್ದ ಆಯ್ಕೆ. 70 ಮೈಲಿ ವೇಗದಲ್ಲಿ ಆರನೇ ಗೇರಿನಲ್ಲಿ ಇಂಜಿನ್ ನಿಮಿಷಕ್ಕೆ ನೂರು ಸುತ್ತು ಕಡಿಮೆ ಓಡುತ್ತದೆ. ಪಿಕಪ್‌ನಲ್ಲಿ ವ್ಯತ್ಯಾಸ ನನಗಂತೂ ಗೊತ್ತಾಗಿಲ್ಲ.

ಗೇರ್ ಜೋಡಿಗೆ 280 ಡಾಲರ್, ಒಳಗಿನ ಬೇರಿಂಗ್, ಸೀಲ್, ಶಿಮ್ ಎಲ್ಲ ಇರುವ ಕಿಟ್‌ಗೆ 150, ಎಡ ಶಾಫ್ಟ್ ಮತ್ತು ಎರಡೂ ಕಡೆಯ ಚಕ್ರದ ಬೇರಿಂಗ್‌ಗೆ 260, ಆಯಿಲ್‌ಗೆ 85, ಕೂಲಿ 750. ಗೇರ್ ಬದಲಾದ್ದರಿಂದ ಸ್ಪೀಡೋಮೀಟರ್ ಸರಿ ಮಾಡಲು ಬೇರೆ ಕಡೆ 75. ಒಟ್ಟು 1,600 ಡಾಲರ್. ಹೊಟ್ಟೆ ಉರಿಯುವ ಮೊತ್ತವೇ. ಆದರೆ ಹಳೇ ಓನರ್ ತೋರಿಸಿದ ಬಿಲ್‌ನಲ್ಲಿ ಕೂಲಿ 350 ಇತ್ತು. ಆ ಉಳಿತಾಯದ ಬಡ್ಡಿ ಕಟ್ಟಿದ್ದು ನಾನು.

ಹೊಸ ಗೇರಿಗೆ ಪಥ್ಯ ಇದೆ. ಮೊದಲ ದಿನ ಇಪ್ಪತ್ತು ನಿಮಿಷ ಮೆಲ್ಲಗೆ ಓಡಿಸಿ, ನಿಲ್ಲಿಸಿ, ಪೂರ್ತಿ ತಣ್ಣಗಾಗಲು ಬಿಡಬೇಕು. ಹೀಗೆ ಎರಡು ಮೂರು ಸಲ. 500 ಮೈಲಿವರೆಗೆ ಜೋರಾಗಿ ಎಳೆಯುವಂತಿಲ್ಲ, ಆಮೇಲೆ ಆಯಿಲ್ ಬದಲಿಸಬೇಕು. ವುಡ್‌ವರ್ಡ್ ಅವೆನ್ಯೂನಲ್ಲಿ ಪಕ್ಕದಲ್ಲಿ ನಿಂತವನು ಇಂಜಿನ್ ಗುರ್ ಅನ್ನಿಸಿ ಕೆಣಕಿದಾಗಲೂ ನಾನು ಎತ್ತಿನ ಗಾಡಿ ತರ ಹೊರಟೆ.

ಮೂರು ವರ್ಷ, 24,000 ಮೈಲಿ ಆಯಿತು. ಮೇಲಿನ ಬುಷ್ ಮತ್ತೆ ರಬ್ಬರ್‌ಗೆ ಬದಲಿಸಿದೆ. 62, 63 ಮೈಲಿ ವೇಗದಲ್ಲಿ ಕಾಲು ತೆಗೆದಾಗ, ರೇಡಿಯೋ ಆಫ್ ಇದ್ದು, ನಾನು ಹುಡುಕಿದರೆ ಮಾತ್ರ ತೆಳ್ಳಗೆ ಒಂದು ಎಳೆ ಕೇಳುತ್ತದೆ. ಹೆಂಡತಿ ಅದು ನನ್ನ ತಲೆಯೊಳಗೇ ಇದೆ ಅನ್ನುತ್ತಾಳೆ. ಒಂದೇ ದೂರು: ಮೊದಲ ಚಳಿಗಾಲದಲ್ಲಿ ಕವರ್ ಅಂಚಿನಿಂದ ಆಯಿಲ್ ಜಿನುಗಿತು. ಹೊಸದಾಗಿ ಸೀಲೆಂಟ್ ಹಾಕಿ ಕೂರಿಸಿಕೊಟ್ಟರು, ದುಡ್ಡು ಕೇಳಲಿಲ್ಲ.

ಮನೆಯಲ್ಲೇ ಪರೀಕ್ಷೆ ಮಾಡುವವರಿಗೆ ಒಂದು ಎಚ್ಚರಿಕೆ. ಕಾರನ್ನು ಸ್ಟ್ಯಾಂಡ್ ಮೇಲೆ ಎತ್ತಿ, ಗೇರಿಗೆ ಹಾಕಿ, ಹಿಂದಿನ ಸದ್ದು ಕೇಳುವ ಪದ್ಧತಿ ಇದೆ. ಲಿಮಿಟೆಡ್ ಸ್ಲಿಪ್ ಇರುವ ಕಾರಿನಲ್ಲಿ ಎರಡೂ ಚಕ್ರ ನೆಲ ಬಿಟ್ಟಿರಲೇಬೇಕು. ಒಂದು ಚಕ್ರ ನೆಲ ಮುಟ್ಟಿದ್ದರೂ ಕಾರು ಸ್ಟ್ಯಾಂಡಿನಿಂದ ಹಾರುತ್ತದೆ.

ಕಳೆದ ತಿಂಗಳಿಂದ ಹಿಂದೆ ಮತ್ತೆ ಏನೋ ಸದ್ದು. ಎದೆ ಧಸಕ್ ಅಂತು. ಅದೇ ಆಪ್ ಹಾಕಿ, ಅದೇ ಐ-96ರಲ್ಲಿ ನೋಡಿದೆವು. 3.55ರ ಕ್ರೌನ್‌ನಲ್ಲಿ 39 ಹಲ್ಲು, 60 ಮೈಲಿಯಲ್ಲಿ ಕೂಗಿದರೆ 500 ಹರ್ಟ್ಸ್ ಹತ್ತಿರ ಗೆರೆ ಬರಬೇಕು. ಅಲ್ಲಿ ಏನೂ ಇಲ್ಲ. ಡಾಂಬರು ರಸ್ತೆಗೆ ಬಂದ ಕೂಡಲೇ ಸದ್ದು ಅರ್ಧ ಆಯಿತು. ಈ ಸಲ ನಿಜವಾಗಿಯೂ ಟಯರ್ರೇ.